ಪುರಾವೆ ಕೇಳುತ್ತಿದ್ದ ಡಾಕ್ಟರು

ಎಪ್ಪತ್ತರ ದಶಕದಲ್ಲಿ ನಾನು ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಉಸಿರಾಟದ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರೊಬ್ಬರು ಅಲ್ಲಿದ್ದರು. ಕೂಸಿನ ಉಸಿರು ತುಸು ನಿಂತರೆ ಅದರ ಅಂಗಾಲು ತಟ್ಟುತ್ತ ತಾವೂ ಉಸಿರು ಬಿಗಿಹಿಡಿಯುತ್ತಿದ್ದರು. ಮುಖ ಕೆಂಪೇರುತ್ತಿತ್ತು. "ಸಾಹೇಬ್ರ, ಕೂಸು ಉಸಿರು ಬಿಟ್ಟೈತಿ, ನೀವೂ ಬಿಡ್ರಿ!" ಎಂದು ನರ್ಸಬಾಯಿ ಗದರಬೇಕಿತ್ತು.

ಯಾರು ಏನು ಹೇಳಿದರೂ ಅವರದು ಒಂದೇ ಮಾತು: "ಪುರಾವಾ ಎಲ್ಲೈತ್ರಿ?" ಚಹಾ ಬಿಸಿ ಇದೆ ಎಂದರೂ ಪುರಾವೆ ಬೇಕು.

ಅವರ ಲೇಖನ ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು, ಕರಜಗಿ ಎಂಬ ಹಳ್ಳಿಯ ಕೂಸೊಂದರ ಫೋಟೊ ಸಮೇತ. ಆ ಕೂಸನ್ನೇ ಎತ್ತಿಕೊಂಡು ತಪಾಸಣೆಗೆ ಬಂದ ಅದರ ಅಜ್ಜಿಗೆ ಅದನ್ನು ಹೆಮ್ಮೆಯಿಂದ ತೋರಿಸಿದರು. ಅಜ್ಜಿ ಸಿಡಿದಳು.

"ದೃಷ್ಟಿಬೊಟ್ಟ ಹಚ್ಚದನ ಪರದೇಶಕ್ಕ ಕಳಿಸೀರೇನು? ಎಷ್ಟ ಮಂದಿ ಕಣ್ಣ ಬಿದ್ದಾವೋ!"

ತನ್ನ ಕಣ್ಣಿನ ಕಾಡಿಗೆಯನ್ನೇ ಬೆರಳಿಗೆ ತೆಗೆದು ಫೋಟೊದ ಕೆನ್ನೆಗೆ ಒತ್ತಿದಳು.

"ಪುರಾವಾ ಎಲ್ಲೈತಿ, ಆಯಿ?"

"ಮನ್ಯಾಗ ದಿನಾ ಹಚ್ತೀನಿ. ನೋಡ್ರಿ, ಉಸಿರ ನಿಲ್ಲತಿದ್ದಾಂವ ಈಗ ಹೆಂಗ ಚೀರಾಕತ್ತಾನ!"

ಮುಂದಿನ ಲೇಖನಕ್ಕೆ ಬೇರೊಂದು ಕೂಸಿನ ಫೋಟೊ ತೆಗೆಸುವಾಗ, ಡಾಕ್ಟರು ತಾವೇ ಅದರ ಕೆನ್ನೆಗೆ ಬೊಟ್ಟಿಟ್ಟರು. ಆ ಕಪ್ಪು ಕಲೆ ಯಾವ ರೋಗದ ಲಕ್ಷಣವೆಂದು ಸಂಪಾದಕರು ಕೇಳಿ ಬರೆದರು. ರೋಗವಲ್ಲ, ರೋಗ ಬಾರದಂತೆ ಕೈಗೊಂಡ ಕ್ರಮ ಎಂದು ಡಾಕ್ಟರು ನನಗೆ ಹೇಳಿ ಬರೆಸಿದರು.

"ಪುರಾವಾ ಎಲ್ಲೈತ್ರಿ, ಸಾಹೇಬ್ರ?" ಎಂದೆ.

ಅವರ ಮುಖ ಕೆಂಪೇರಿತು. ಉಸಿರು ಬಿಡಲೇ ಇಲ್ಲ. ಕೊನೆಗೆ ನರ್ಸಬಾಯಿಯನ್ನೇ ಕರೆಯಬೇಕಾಯಿತು.