ಕರೆಯದೆ ಹೊಸ್ತಿಲು ದಾಟದವಳು

ಗಿರೀಶ, ಮಂಡಿನೋವು ಹೇಗಿದೆಯಪ್ಪಾ? ಲತಾ, ನಿನ್ನ ಕೆಮ್ಮು ವಾಸಿಯಾಯಿತೇನಮ್ಮ? ನಾನು ಚೆನ್ನಾಗಿದ್ದೇನೆ. ನಿನ್ನೆ ಬೋಗಾದಿಯ ಅಂಗಡಿಯೊಂದರಲ್ಲಿ ಇಪ್ಪತ್ತು ಮುಖದ ದಾಳ ಕಂಡು ಕೈಗೆತ್ತಿಕೊಂಡೆ, ನಮ್ಮ ಹಳೆಯ ಆಟದ್ದಂಥದೇ.

ಕೃಷ್ಣಮೂರ್ತಿಪುರಂನ ದೊಡ್ಡಮ್ಮನ ಮನೆಯ ತಣ್ಣನೆಯ ಕೆಂಪು ನೆಲ, ಬೇಸಿಗೆ ರಜೆ. ಮಾಯದ ಕೋಟೆಯ ಕಥೆ ನಡೆಸುವವನು ಗಿರೀಶ. ನಾವು ಒಂದೊಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸುತ್ತಾ ಒಳಹೋಗಬೇಕು. ನಾನು ಕತ್ತಿವೀರ, ಲತಾ ಮಾಟಗಾತಿ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ದೊಡ್ಡಮ್ಮ, "ನನ್ನೂ ಸೇರಿಸ್ಕೊಳ್ರೋ" ಎಂದರು.

"ನೀವ್ ಯಾರಾಗ್ತೀರಿ ದೊಡ್ಡಮ್ಮ?"

"ಎಂಥಾ ಬೀಗನೂ ತೆಗೆಯೋಳು. ಆದ್ರೆ ಯಾರಾದ್ರೂ ಹೆಸರು ಹಿಡಿದು ಕರೆಯೋ ತನಕ ಹೊಸ್ತಿಲು ದಾಟಲ್ಲ."

ಗಿರೀಶ ನಕ್ಕ. "ಇಂಥೋರನ್ನ ಆಡ್ಸೋದು ಹೆಂಗೆ?"

"ಕರೆದ್ರೆ ಆಯ್ತು ಕಣೋ, ಏನ್ ಮಹಾ!"

ದೊಡ್ಡಪ್ಪ ಹೋದ ಮೇಲೆ ಬೀದಿಯ ಯಾರೂ ಅವರನ್ನು ಅರಿಶಿನ-ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಆ ವಯಸ್ಸಿಗೆ ನಮಗೆ ಅದು ಹೊಳೆಯಲಿಲ್ಲ.

ಕೋಟೆಯ ಬೀಗ ಅವರೇ ತೆಗೆದರು. ನಾವು ನಿಧಿಗೆಂದು ಒಳನುಗ್ಗಿದೆವು. "ಕರೀತೀರೇನ್ರೋ, ಇಲ್ಲೇ ನಿಂತಿರ್ಲೋ?" ಎಂದು ಅವರು ನಗುತ್ತಾ ಕೇಳುವಷ್ಟರಲ್ಲಿ ಲತಾಳ ಅಪ್ಪ ಅವಳನ್ನು ಊರಿಗೆ ಕರೆದೊಯ್ಯಲು ಬಂದರು. ಆಟ ಅಲ್ಲಿಗೇ ನಿಂತಿತು. ಮುಂದಿನ ರಜೆಯ ಹೊತ್ತಿಗೆ ದೊಡ್ಡಮ್ಮ ತೀರಿಕೊಂಡಿದ್ದರು. ಅವರ ಹೆಸರು ಹಿಡಿದು 'ನಾಗರತ್ನ' ಎಂದು ನಮ್ಮಲ್ಲಿ ಯಾರಾದರೂ ಒಮ್ಮೆ ಕೂಗಿದ್ದರೆ ಸಾಕಿತ್ತು.

ದಾಳ ಕೊಂಡು ತಂದಿದ್ದೇನೆ. ನಿಧಿ ಹಾಗಿರಲಿ, ಮೊದಲು ಮೂವರೂ ಸೇರಿ ಅವರನ್ನು ಒಳಗೆ ಕರೆಯೋಣ. ಯಾವ ಭಾನುವಾರ ಬರುತ್ತೀರೆಂದು ಬೇಗ ಬರೆಯಿರಿ.