ಬೆರಳ ಸಂದು ನೋಡುತ್ತಿದ್ದ ಮಿಲ್ಟ್ರಿಯವರು

ಮೊಳಕಾಲ್ಮೂರಿನ ನಮ್ಮ ನೇಕಾರರ ಕೇರಿಯಲ್ಲಿ ಅವರನ್ನು ಎಲ್ಲರೂ ಮಿಲ್ಟ್ರಿಯವರು ಎನ್ನುತ್ತಿದ್ದರು. ಸೈನ್ಯದ ಆಸ್ಪತ್ರೆಯಲ್ಲಿ ಜವಾನರ ಚರ್ಮರೋಗಗಳಿಗೆ ಆರೈಕೆ ಮಾಡಿ ನಿವೃತ್ತರಾದವರು. ಯಾರ ಕೈ ಸಿಕ್ಕರೂ ಬೆಳಕಿಗೆ ಹಿಡಿದು, ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡುವರು. "ಯಾರಿಂದ ಬಂತು ಅಂತ ಕೇಳಂಗಿಲ್ಲ" ಎನ್ನುವರು.

ನಾನು ಸೊಸೆಯಾಗಿ ಬಂದ ಎರಡನೇ ತಿಂಗಳು ನನಗೂ ಗಂಡನಿಗೂ ಮೈದುನನಿಗೂ ಕಜ್ಜಿ ಹತ್ತಿತು. ಮಗ್ಗ ನಿಂತಿತು. "ಇವಳೇ ತಂದಿದ್ದು, ತವರಿಗೆ ಹೋಗ್ಲಿ" ಎಂದು ಅತ್ತೆ ನನ್ನ ಸೀರೆಗಳನ್ನು ಚೀಲಕ್ಕೆ ತುಂಬಿದರು. ಹಾಗೆ ಹೋದರೆ ಮರಳಿ ಕರೆಯುವವರು ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

ಸರ್ಕಾರಿ ಡಾಕ್ಟರು ಮನೆಮಂದಿಗೆಲ್ಲ ಬರೆದಿದ್ದ ಮುಲಾಮು ಹಿಡಿದು ಮಿಲ್ಟ್ರಿಯವರು ಬಂದರು.

"ಬ್ಯಾರಕ್‌ನಾಗೆ ಒಬ್ಬನಿಗೆ ತುರಿಸಿದ್ರೂ ಅಷ್ಟೂ ಜನ ಹಚ್ಕೊತೀವಿ ಅಕ್ಕಾ. ಒಂದೇ ದಿನ."

"ನನಗೆಲ್ಲೈತಪ್ಪ ತುರಿಕೆ?" ಅತ್ತೆ ಸಿಡುಕಿದರು.

"ನನಗೂ ಇಲ್ರಿ."

ಅಷ್ಟೇ ಹೇಳಿ ಅಂಗಿ ಬಿಚ್ಚಿದರು. ಕುತ್ತಿಗೆಯಿಂದ ಕೆಳಗೆ, ಅವಸರವಿಲ್ಲದೆ, ತಾವೇ ಹಚ್ಚಿಕೊಂಡರು. ಬೆನ್ನಿಗೆ ಕೈ ಎಟುಕದಾಗ ನನ್ನ ಗಂಡನತ್ತ ತಿರುಗಿ ನಿಂತು, "ಹಚ್ಚಪ್ಪಾ" ಎಂದರು. ಗಂಡ ತನ್ನ ಹುಣ್ಣಿನ ಕೈ ಹಿಂದೆಳೆದುಕೊಂಡ. ಅವರು ಕದಲಲಿಲ್ಲ. ಕೊನೆಗೆ ಆ ಕೈ ಅವರ ಸುಕ್ಕುಗಟ್ಟಿದ ಬೆನ್ನನ್ನು ಮುಟ್ಟಿತು. ರೋಗವಿಲ್ಲದ ಮನುಷ್ಯ ಹಾಗೆ ನಮ್ಮ ಸಾಲಿಗೆ ಬಂದು ನಿಲ್ಲುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರು ಹೋದ ಮೇಲೆ ಅತ್ತೆ ಮುಲಾಮು ಹಿಡಿದು ಒಳಕೋಣೆಗೆ ಹೋಗಿ, ಕುಪ್ಪಸ ಸಡಿಲಿಸಿ, ನನ್ನನ್ನು ಕೂಗಿದರು.

"ಬಾರೇ, ಬೆನ್ನಿಗೆ ನೀನೇ ಹಚ್ಚಬೇಕು."