ಶಾಫ್ಟಿಗೆ ನೀರಿನ ಪೈಪಿನ ತೇಪೆ

"ಅಕ್ಕಾ, ಬ್ರೇಕ್ ಹಿಡೀತಾ ಇಲ್ಲ!"

ಏರುದಾರಿಯಲ್ಲಿ ಗಾಡಿ ಹಿಂದಕ್ಕೆ ಜಾರುತ್ತಿರುವಾಗ ತಮ್ಮ ಹೀಗೆ ಕೂಗಿದರೆ ನೀವೇನು ಮಾಡುತ್ತೀರಿ? ನಾನು ಕಣ್ಣು ಮುಚ್ಚಿಕೊಂಡೆ. ಅಂಕಣ ಬರೆಯುವವರ ಧೈರ್ಯ ಅಷ್ಟೇ.

ಮೊದಲಿನಿಂದ ಹೇಳುತ್ತೇನೆ. ಅಂಕೋಲೆಯ ಬೊಬ್ರುವಾಡದಲ್ಲಿರುವ ನನ್ನ ತಮ್ಮ ಸಂತೋಷನಿಗೆ ವಾರವಿಡೀ ಆಫೀಸು, ಭಾನುವಾರ ಗುಡ್ಡ. ಅದಕ್ಕೆಂದೇ ಒಂದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ತಂದ. ತಳದ ಚಾಸಿಸ್ ಕಡಿದು ಉದ್ದ ಮಾಡಿಸಿದ, ಹಿಂದೆ ಟ್ರಕ್ಕಿನ ಬಾಡಿ ಕೂರಿಸಿದ, ಎದೆಮಟ್ಟದ ಟಯರು ಹಾಕಿಸಿದ. ತಲೆಯ ಮೇಲೆ ಆರು ಲೈಟು ಬೇರೆ. (ಇದಕ್ಕೆಲ್ಲ ಪರ್ಮಿಶನ್ ಇದೆಯಾ ಎಂದು ಕೇಳಬೇಡಿ. ನಾನು ಕೇಳಿದಾಗ ಅವನು ಊಟ ಆಯ್ತಾ ಎಂದು ಕೇಳಿದ.)

ಗಾಡಿ ಉದ್ದವಾಯಿತು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಕಬ್ಬಿಣದ ಕೊಳವೆ, ಅಂದರೆ ಪ್ರೊಪೆಲ್ಲರ್ ಶಾಫ್ಟ್, ಗಿಡ್ಡವಾಯಿತು. ಅದನ್ನು ಹಿಡಿದುಕೊಂಡು ನಾನಿರುವ ಕಾರವಾರದ ಒಬ್ಬ ಲೇಥ್ ಮೇಸ್ತ್ರಿಯ ಹತ್ತಿರ ಬಂದ. ದಾರಿ ತೋರಿಸಲು ನಾನೂ ಹೋಗಿದ್ದೆ.

"ಪೈಪನ್ನೇ ಬದ್ಲ್ ಮಾಡ್ಬೇಕು," ಎಂದರು ಮೇಸ್ತ್ರಿ. "ಒಂದೇ ಉದ್ದದ ಹೊಸ ಪೈಪು ಹಾಕಿ, ಲೇಥಲ್ಲಿ ಸೀದಾ ಮಾಡಿ, ಹುಬ್ಬಳ್ಳಿಗೆ ಕಳ್ಸಿ, ತಿರುಗೂವಾಗ ನಡುಗ್ದಂಗೆ ಬ್ಯಾಲೆನ್ಸ್ ಮಾಡ್ಸೂದು. ಹತ್ತು ದಿನ ಬೇಕು."

"ಅಷ್ಟೆಲ್ಲ ಎಂತಕ್ಕೆ? ಮಧ್ಯ ಕಡ್ದು ಒಂದು ತುಂಡು ಸೇರ್ಸಿ ಕೊಡಿ ಸಾಕು. ನಾ ಫಾಸ್ಟಾಗಿ ಹೊಡೆಯೂದಿಲ್ಲ."

"ಹಾಂಗೆ ನಾ ಮಾಡೂದಿಲ್ಲ ತಮಾ."

ಅಷ್ಟೇ. ಮತ್ತೆ ಲೇಥಿನ ಕಡೆ ತಿರುಗಿಬಿಟ್ಟರು. ಹೊರಗೆ ಬಂದ ಮೇಲೆ ತಮ್ಮನಿಗೆ ಹೇಳಿದ್ದು ಯಾರು? ನಾನೇ. "ಎಂತಾ ಗತ್ತು ಮಾರಾಯಾ ಇವ್ರಿಗೆ! ಊರಲ್ಲಿ ಬೇರೆ ಯಾರೂ ಇಲ್ವಾ?"

ಇದ್ದರು. ಅಂಕೋಲೆಯಲ್ಲಿ ಗೇಟು, ಗ್ರಿಲ್ಲು ಮಾಡುವ ಒಬ್ಬ ವೆಲ್ಡರ್ ಮಧ್ಯಾಹ್ನದೊಳಗೆ ಮಾಡಿಕೊಟ್ಟ. ಶಾಫ್ಟನ್ನು ನಡುವೆ ಕಡಿದ, ಮೇಲೆ ನೀರಿನ ಪೈಪಿನ ತುಂಡು ತೊಡಿಸಿದ, ಸುತ್ತ ಬೆಸುಗೆ ಹಾಕಿದ, ಕೆಂಪು ಪೇಂಟ್ ಬಳಿದ. ತಮ್ಮ ನನಗೆ ಫೋಟೋ ಕಳಿಸಿದ. ನಾನು ಹೆಬ್ಬೆರಳು ಎತ್ತಿ ಉತ್ತರಿಸಿದೆ!

ಮರು ಭಾನುವಾರ ಗುಡ್ಡ ಹತ್ತಲು ಕದ್ರಾ ಕಡೆ ಹೊರಟೆವು. ಮುಂದೆ ನಾವಿಬ್ಬರು, ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಸುಮನಾ. ಸ್ವಲ್ಪ ವೇಗ ಹೆಚ್ಚಿದರೆ ಸಾಕು, ಗಾಡಿ ಇಡೀ ನಡುಗುತ್ತಿತ್ತು. "ಕಾಲಡಿಗೆ ಎಂತದೋ ಗಡಗಡ ಹೇಳ್ತದೆ," ಎಂದು ಸುಮನಾ ಎರಡು ಸಲ ಹೇಳಿದಳು. "ಹೊಸದಲ್ದಾ, ಹೊಂದ್ಕೊಳ್ತದೆ," ಎಂದ ಗಂಡ. ಕಬ್ಬಿಣ ಯಾರಿಗಾದರೂ ಹೊಂದಿಕೊಳ್ಳುತ್ತದೆಯೇ? ಹೊಂದಿಕೊಳ್ಳುವುದು ಹೆಂಡತಿಯರು.

ಏರಿನಲ್ಲಿ ಬೆಸುಗೆ ಬಿಟ್ಟಿತು. ತಿರುಗುತ್ತಲೇ ಇದ್ದ ಅರ್ಧ ಶಾಫ್ಟು ಗಾಡಿಯ ತಳಕ್ಕೆ ಸುತ್ತಿಗೆಯಂತೆ ಬಡಿಯತೊಡಗಿತು. ಹಿಂದಿನ ಸೀಟಿನ ಕಾಲಡಿಯ ತಗಡು ಹರಿದು ಮೇಲೆದ್ದಿತು. ಸುಮನಾ ಕಿರುಚಿದಳು. ಅದೇ ಹೊಡೆತಕ್ಕೆ ಬ್ರೇಕಿನ ಎಣ್ಣೆಯ ಪೈಪೂ ತುಂಡಾಯಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಸಂತೋಷ ಹ್ಯಾಂಡ್ ಬ್ರೇಕ್ ಎಳೆದ, ಪ್ರಯೋಜನವಿಲ್ಲ. ಈ ಹಳೆಯ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದೂ ಅದೇ ಶಾಫ್ಟನ್ನಂತೆ!

ನಮ್ಮ ಹಿಂದೆಯೇ ಸ್ಕೂಟರಿನಲ್ಲಿ ಬರುತ್ತಿದ್ದವಳು ಹಳ್ಳಿಗಳಿಗೆ ಮೀನು ಒಯ್ದು ಮಾರುವ ಒಬ್ಬ ಹೆಂಗಸು. ಸಂತೋಷ ಕೊನೆಗೆ ಸ್ಟೇರಿಂಗ್ ತಿರುಗಿಸಿ ಗಾಡಿಯನ್ನು ಗುಡ್ಡದ ಬದಿಯ ಗಟಾರಕ್ಕೆ ಇಳಿಸಿದ. ಅದು ನಿಂತಾಗ ಅವಳಿಗೂ ನಮ್ಮ ಬಂಪರಿಗೂ ಒಂದು ಮೊಳದ ಅಂತರ. ಸ್ಕೂಟರು ಬಿದ್ದಿತ್ತು, ಬಂಗಡೆ ಮೀನು ರಸ್ತೆ ತುಂಬ ಚೆಲ್ಲಿತ್ತು.

"ಗುಡ್ಡ ಹತ್ತೂ ಶೋಕಿ ನಿಮ್ದು. ಸಾಯೂದು ನಾ ಎಂತಕ್ಕೆ?" ಎಂದಳು.

ಬೈದವಳೇ ಸುಮನಾಳ ಕಾಲು ನೋಡಿ ಹತ್ತಿರ ಬಂದಳು. ತನ್ನ ಸೆರಗಿನಿಂದ ಅದನ್ನು ಕಟ್ಟಿದವಳೂ ಅವಳೇ.

ಸುಮನಾಳ ಪಾದದ ಮೂಳೆ ಎರಡು ಕಡೆ ಮುರಿದಿದೆ.

ಮುರಿದ ತುಂಡುಗಳನ್ನು ನಾನೇ ಮೇಸ್ತ್ರಿಯ ಮುಂದಿಟ್ಟೆ. ಬೆಸುಗೆಯ ಮೇಲೆ ಉಗುರು ಆಡಿಸಿ ನೋಡಿದರು. "ಮೇಲಿಂದ ಮೆತ್ತಿದ್ದು ಅಷ್ಟೇ. ಒಳಗೆ ಹಿಡೀಲೇ ಇಲ್ಲ," ಎಂದರು. ನಾನು ಹೇಳಿರಲಿಲ್ಲವೇ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ನೀವು ಮಾಡೂದಿಲ್ಲ ಅಂದ್ಮೇಲೆ ಹೀಂಗೆ ವಾಪಸ್ ಹೋಗೂ ಗಿರಾಕಿ ಸುಮಾರು ಇರ್ತ್ರಾ?" ಎಂದೆ.

"ಹೋಗೂರೇ ಹೆಚ್ಚು," ಎಂದು ನಕ್ಕರು.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಆಗದ ಕೆಲಸಕ್ಕೆ ಆಗುವುದಿಲ್ಲ ಎಂದವನಿಗೆ ಗತ್ತು. ಏನು ಕೊಟ್ಟರೂ ಹೂಂ ಎನ್ನುವವನು ಒಳ್ಳೆಯವನು. ಲೈಟು ಹೊರಗೆ ಕಾಣುತ್ತದೆ, ಅದಕ್ಕೆ ಎಷ್ಟಾದರೂ ಸುರಿಯುತ್ತೇವೆ. ಶಾಫ್ಟು ತಳದಲ್ಲಿರುತ್ತದೆ, ಅದಕ್ಕೆ ತೇಪೆ ಸಾಕು. ಆ ವೆಲ್ಡರನನ್ನು ಬೈಯೋಣ, ಸರಿ. ಅವನನ್ನು ಹುಡುಕಿಕೊಂಡು ಹೋದವರು ಯಾರು? ಹೋಗು ಎಂದವರು ಯಾರು?

ಮೊನ್ನೆ ಸುಮನಾಳನ್ನು ನೋಡಲು ಬೊಬ್ರುವಾಡಕ್ಕೆ ಹೋಗಿದ್ದೆ. ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಸಂತೋಷನ ಗೆಳೆಯನೊಬ್ಬ ಬಂದ. ಪಾಪ ಎಂದ, ಚಹಾ ಕುಡಿದ. ಆಮೇಲೆ ಅಂಗಳದಲ್ಲಿ ನಿಂತಿದ್ದ ಗಾಡಿಯ ಕಡೆ ನೋಡಿ ಹೇಳಿದ: "ನಂಗೆ ಗೊತ್ತಿರೂ ವೆಲ್ಡರ್ ಒಬ್ಬ ಇದ್ದಾನೆ. ದಪ್ಪ ಪೈಪು ಹಾಕಿ, ಅರ್ಧ ದಿನದಲ್ಲಿ ಮಾಡ್ಕೊಡ್ತ."

ಸಂತೋಷ ಹೆಂಡತಿಯ ಎದುರೇ ಕೇಳಿದ: "ಹೌದಾ? ನಂಬರ್ ಇದ್ಯಾ?"

ಈಗ ನೀವೇ ಹೇಳಿ, ಇವನಿಗೆ ಬುದ್ಧಿ ಬರಲು ನಮ್ಮ ಮನೆಯಲ್ಲಿ ಇನ್ನೆಷ್ಟು ಕಾಲು ಮುರಿಯಬೇಕು?